ಕೆಳಗಿನ ತೋಟ ಮಾರುವುದು ಬೇಡ, ನಾನು ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ

ಡಿಯರ್‌ಬಾರ್ನ್, ಮಿಶಿಗನ್
ಭಾನುವಾರ

ತೀರ್ಥರೂಪು ಅಪ್ಪನವರಿಗೂ ಮಾತೃಶ್ರೀ ಅಮ್ಮನಿಗೂ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ನೀವೆಲ್ಲರೂ, ಅಜ್ಜಿಯೂ ಕ್ಷೇಮವೆಂದು ನಂಬಿದ್ದೇನೆ.

ಅಪ್ಪ, ನೀವು ಬರೆದ ಪತ್ರದ ಪುಟಗಳನ್ನು ನಮ್ಮ ಪುಟ್ಟನು ಫೋಟೊ ತೆಗೆದು ಕಳಿಸಿದ್ದು ತಲುಪಿತು. ಮೂರನೆಯ ಪುಟ ಮಸುಕಾಗಿ ಬಂದಿತ್ತು, ಮುಖ್ಯವಾದ ಸಂಗತಿ ಇದ್ದದ್ದು ಅದರಲ್ಲೇ. ಹೊಳೆಬದಿಯ ಕೆಳಗಿನ ಅಡಿಕೆ ತೋಟಕ್ಕೆ ಗಿರಾಕಿ ಬಂದಿದ್ದಾರೆ, ಹೋಮ್‌ಸ್ಟೇ ಕಟ್ಟುವವರು, ಮುಂಗಡ ಕೊಡಲು ಸಿದ್ಧರಿದ್ದಾರೆ, ಹೇಗೂ ಎಲೆಚುಕ್ಕೆ ರೋಗ ಬಂದ ತೋಟ, ಬಂದ ಹಣದಲ್ಲಿ ಒಂದು ಭಾಗ ನನಗೆ ಕಳಿಸಿದರೆ ನಾನು ಸರಿಯಾಗಿ ಉಂಡುಕೊಂಡು ಓದಬಹುದು ಎಂದು ಬರೆದಿದ್ದೀರಿ. ಇದಕ್ಕೆಲ್ಲ ಕಾರಣ ಚಿಕ್ಕಪ್ಪ ವಿಡಿಯೊ ಕರೆಯಲ್ಲಿ ನನ್ನ ಮುಖ ನೋಡಿ, "ಹುಡುಗಿ ಸೊರಗಿ ಹೋಗಿದ್ದಾಳೆ, ಅಲ್ಲಿ ಅರೆಹೊಟ್ಟೆ ಇರುವಂತೆ ಕಾಣುತ್ತದೆ" ಎಂದದ್ದು. ಚಿಕ್ಕಪ್ಪನಿಗೆ ನನ್ನ ನಮಸ್ಕಾರಗಳನ್ನು ತಿಳಿಸಿ, ಜೊತೆಗೆ ಆ ದಿನ ನಾನು ಕಿವಿ ಮುಚ್ಚುವ ಉಣ್ಣೆಯ ಟೋಪಿ ಹಾಕಿಕೊಂಡು ಬಸ್ ನಿಲ್ದಾಣದ ಕೊಳವೆದೀಪದ ಕೆಳಗೆ ನಿಂತಿದ್ದೆ ಎಂಬುದನ್ನೂ ತಿಳಿಸಿ. ಆ ಬೆಳಕಿನಲ್ಲಿ ಯಾರು ನಿಂತರೂ ಹದಿನೈದು ದಿನ ಜ್ವರ ಬಂದು ಎದ್ದವರಂತೆ ಕಾಣುತ್ತಾರೆ.

ದಯವಿಟ್ಟು ಮುಂಗಡ ತೆಗೆದುಕೊಳ್ಳಬೇಡಿ. ಈ ಮಾತನ್ನು ಫೋನಿನಲ್ಲಿ ಹೇಳಿದರೆ ನೀವು "ಆಯಿತು, ಆಯಿತು" ಎಂದು ಇಟ್ಟುಬಿಡುತ್ತೀರಿ; ಆದ್ದರಿಂದ ನಾನು ಏನು ತಿನ್ನುತ್ತೇನೆ, ಎಲ್ಲಿ ತಿನ್ನುತ್ತೇನೆ, ಅದಕ್ಕೆ ಎಷ್ಟು ಖರ್ಚಾಗುತ್ತದೆ ಎಂಬುದನ್ನು ಒಂದೂ ಬಿಡದೆ ಬರೆಯುತ್ತಿದ್ದೇನೆ. ಪುಟ್ಟ, ಇದನ್ನು ತೀರ್ಥಹಳ್ಳಿಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಹೋಗಿ ಅಪ್ಪನ ಕೈಗೆ ಕೊಡು. ಫೋನಿನಲ್ಲಿ ತೋರಿಸಿ ಮುಗಿಸಬೇಡ.

ನನ್ನ ಕೋಣೆಯಿಂದ ಸ್ವಲ್ಪ ದೂರದಲ್ಲಿ ವಾರೆನ್ ಅವೆನ್ಯೂ ಎಂಬ ಉದ್ದನೆಯ ರಸ್ತೆಯಿದೆ. ಅದರ ಎರಡೂ ಬದಿಯಲ್ಲಿ ಅರಬ್ಬಿ ಲಿಪಿಯ ಫಲಕಗಳೇ ಸಾಲಾಗಿ ಕಾಣುತ್ತವೆ. ಅಲ್ಲಿ ಲೆಬನಾನಿನವರ ಒಂದು ಅಂಗಡಿಯಿದೆ. ಬಾಗಿಲು ತೆರೆದ ಕೂಡಲೆ ಬಲಗಡೆ ಬೇಕರಿ, ಎದುರಿಗೆ ಸಿದ್ಧ ತಿನಿಸುಗಳ ಗಾಜಿನ ಕೌಂಟರು, ಇದನ್ನು ಇಲ್ಲಿ ಡೆಲಿ ಎನ್ನುತ್ತಾರೆ, ಹಿಂದುಗಡೆ ಅಕ್ಕಿ, ಬೇಳೆ, ಎಣ್ಣೆ, ಸೊಪ್ಪು ತರಕಾರಿಗಳ ದಿನಸಿ ವಿಭಾಗ. ಕಿಟಕಿಯ ಬಳಿ ನಾಲ್ಕೈದು ಪುಟ್ಟ ಮೇಜುಗಳಿವೆ; ಚಳಿಗಾಲದಲ್ಲಿ ಒಲೆಯ ಶಾಖಕ್ಕೆ ಗಾಜೆಲ್ಲ ಮಂಜುಗಟ್ಟಿ ಹೊರಗಿನ ರಸ್ತೆಯೇ ಕಾಣುವುದಿಲ್ಲ. ನನ್ನ ಊಟದ ಬಹುಪಾಲು ಈ ಒಂದೇ ಅಂಗಡಿಯಿಂದ ನಡೆಯುತ್ತದೆ.

ಅಮ್ಮ, ನಾನು ಅಲ್ಲಿ ಹೆಚ್ಚಾಗಿ ತಿನ್ನುವುದು ಮನಾಕೀಶ್ ಎಂಬ ರೊಟ್ಟಿ. ಬೇಕರಿಯವರು ಹುದುಗು ಬಂದ ಮೈದಾ ಹಿಟ್ಟಿನ ಉಂಡೆಯನ್ನು ತಟ್ಟಿ ಅಗಲ ಮಾಡುತ್ತಾರೆ, ಆಮೇಲೆ ಹತ್ತೂ ಬೆರಳ ತುದಿಗಳಿಂದ ಅದರ ಮೇಲೆಲ್ಲ ಒತ್ತಿ ಸಣ್ಣ ಸಣ್ಣ ಕುಳಿ ಮಾಡುತ್ತಾರೆ. ಹಾಗೆ ಒತ್ತುವುದು ಅಂದಕ್ಕಲ್ಲ. ಮೇಲೆ ಸವರುವ ಎಣ್ಣೆ ಅಂಚಿಗೆ ಹರಿದು ಒಲೆಯೊಳಗೆ ಸುರಿಯದೆ ಕುಳಿಗಳಲ್ಲೇ ನಿಲ್ಲಲಿ ಎಂದು, ನಡುವೆ ಹಿಟ್ಟು ಪೂರಿಯಂತೆ ಉಬ್ಬದಿರಲಿ ಎಂದು. ಜಾತರ್ ಎಂಬ ಪುಡಿಯನ್ನು ಆಲಿವ್ ಎಣ್ಣೆಯಲ್ಲಿ ಕಲಸಿ, ಅಂಚಿನಲ್ಲಿ ಒಂದು ಬೆರಳಗಲ ಬಿಟ್ಟು ಸವರಿ, ಉದ್ದ ಹಿಡಿಯ ಮರದ ಹಲಗೆಯ ಮೇಲಿಟ್ಟು ಒಲೆಯೊಳಕ್ಕೆ ಜಾರಿಸುತ್ತಾರೆ. ಕೆಲವೇ ನಿಮಿಷಗಳಲ್ಲಿ ಅಂಚು ಉಬ್ಬಿ ಅಲ್ಲಲ್ಲಿ ಕಂದಾಗಿ ಹೊರಗೆ ಬರುತ್ತದೆ. ಜಾತರ್ ಎಂದರೆ ಬೆಟ್ಟದಲ್ಲಿ ಬೆಳೆಯುವ ಒಂದು ಪರಿಮಳದ ಸೊಪ್ಪನ್ನು ಒಣಗಿಸಿ ಪುಡಿ ಮಾಡಿ, ಹುರಿದ ಎಳ್ಳು, ಉಪ್ಪು ಮತ್ತು ಸುಮಾಕ್ ಎಂಬ ಕೆಂಪು ಕಾಯಿಯ ಪುಡಿ ಬೆರೆಸಿದ್ದು. ಸುಮಾಕ್‌ನ ಹುಳಿ ನಮ್ಮ ಒಣಗಿಸಿದ ವಾಟೆಹುಳಿಯಂತೆಯೇ ನಾಲಿಗೆಯ ಎರಡು ಬದಿಯನ್ನೂ ಹಿಡಿಯುತ್ತದೆ. ಕೇಳಿದರೆ ಅದರೊಳಗೆ ಟೊಮೆಟೊ, ಸೌತೆಕಾಯಿ, ಪುದೀನ, ಆಲಿವ್ ಕಾಯಿ ಇಟ್ಟು ಮಡಚಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಒಂದು ತಿಂದರೆ ಮಧ್ಯಾಹ್ನದ ತರಗತಿ ಮುಗಿಯುವವರೆಗೆ ಹಸಿವಿನ ಸುದ್ದಿಯಿಲ್ಲ.

ಅದರ ಬೆಲೆ ಸುಮಾರು ಮೂರು ಡಾಲರು. ಅಪ್ಪ, ಈಗ ನೀವು ಅದನ್ನು ರೂಪಾಯಿಗೆ ಹಾಕಿ ನೋಡುತ್ತೀರೆಂದು ನನಗೆ ಗೊತ್ತು. ಇನ್ನೂರೈವತ್ತು ದಾಟುತ್ತದೆ, ಅಷ್ಟು ಹಣಕ್ಕೆ ತೀರ್ಥಹಳ್ಳಿಯ ಹೋಟೆಲಿನಲ್ಲಿ ಇಬ್ಬರು ಹೊಟ್ಟೆ ತುಂಬ ಊಟ ಮಾಡಿ ಕಾಫಿಯನ್ನೂ ಕುಡಿಯಬಹುದು. ಆದರೆ ಇಲ್ಲಿಯ ಖರ್ಚನ್ನು ಇಲ್ಲಿಯ ಗಳಿಕೆಗೇ ಹೋಲಿಸಬೇಕು. ನನಗೆ ಗ್ರಂಥಾಲಯದಲ್ಲಿ ಕೆಲಸವಿದೆ. ವಿದ್ಯಾರ್ಥಿ ವೀಸಾದವರು ತರಗತಿಗಳು ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ, ಅದೂ ಕ್ಯಾಂಪಸ್ಸಿನೊಳಗೆ, ದುಡಿಯಬಹುದೆಂಬ ನಿಯಮ. ಅಲ್ಲಿ ಒಂದು ಗಂಟೆ ಪುಸ್ತಕ ಜೋಡಿಸಿದ ಕೂಲಿಯಲ್ಲಿ ನಾಲ್ಕು ಮನಾಕೀಶ್ ಬರುತ್ತವೆ. ಅದೇ ಕೂಲಿಯಲ್ಲಿ ಕ್ಯಾಂಪಸ್ಸಿನ ಸುತ್ತಮುತ್ತ ಒಂದು ತಣ್ಣನೆಯ ಸ್ಯಾಂಡ್‌ವಿಚ್ಚೂ ಒಂದು ಕಾಫಿಯೂ ಬಂದರೆ ಪುಣ್ಯ. ನನ್ನ ಸಹಪಾಠಿಗಳಲ್ಲಿ ದಿನವೂ ಆ ಸ್ಯಾಂಡ್‌ವಿಚ್ ತಿಂದು ತಿಂಗಳ ಕೊನೆಗೆ ಸಾಲ ಕೇಳುವವರಿದ್ದಾರೆ. ನಾನು ಯಾರ ಬಳಿಯೂ ಸಾಲ ಕೇಳಿಲ್ಲ.

ಮನೆಗೆ ತರುವ ಸಾಮಾನು ಇನ್ನೂ ಅಗ್ಗ. ದೊಡ್ಡ ದೊಡ್ಡ ತೆಳು ರೊಟ್ಟಿಗಳ ಒಂದು ಚೀಲ ಎರಡು ಡಾಲರಿನ ಆಸುಪಾಸಿಗೆ ಸಿಗುತ್ತದೆ; ಬೆಳಿಗ್ಗೆ ಹೋದರೆ ಚೀಲದೊಳಗೆ ಇನ್ನೂ ಹಬೆಯಾಡುತ್ತಿರುತ್ತದೆ, ಬಸ್ಸಿನಲ್ಲಿ ಅದನ್ನು ಕೋಟಿನೊಳಗೆ ಇಟ್ಟುಕೊಂಡರೆ ಚಳಿಗೂ ಒಳ್ಳೆಯದು. ಲಬ್ನೆ ಎಂಬ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರನ್ನು ಡಬ್ಬಿಯಲ್ಲಿ ತಂದಿಟ್ಟುಕೊಳ್ಳುತ್ತೇನೆ. ರೊಟ್ಟಿಯ ಮೇಲೆ ಸವರಿ, ಸ್ವಲ್ಪ ಆಲಿವ್ ಎಣ್ಣೆ ಹನಿಸಿಕೊಂಡರೆ ಬೆಳಗಿನ ತಿಂಡಿ ಆಯಿತು. ಪುದೀನ, ಕೊತ್ತಂಬರಿ, ಪಾರ್ಸ್ಲಿ ಸೊಪ್ಪುಗಳು ದೊಡ್ಡ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಾಲ್ಕು ಎಲೆ ಇಟ್ಟು ಮಾರುವಂಥವಲ್ಲ, ಕಟ್ಟು ಕಟ್ಟಾಗಿ ಸಿಗುತ್ತವೆ. ಕಾಬೂಲಿ ಕಡಲೆ, ಮಸೂರ್ ಬೇಳೆ, ಜೀರಿಗೆ, ಅರಿಶಿನ, ಹುಣಸೆಹಣ್ಣು ಎಲ್ಲವೂ ಅಲ್ಲಿವೆ. ಭಾರತೀಯ ದಿನಸಿಯ ಅಂಗಡಿಗಳು ಕ್ಯಾಂಟನ್ ಎಂಬ ಬೇರೆ ಊರಿನಲ್ಲಿವೆ, ಕಾರಿಲ್ಲದೆ ಅಲ್ಲಿಗೆ ಹೋಗಿಬರುವುದು ಕಷ್ಟ. ಕರಿಬೇವು ಒಂದನ್ನು ಬಿಟ್ಟರೆ ಸಾರಿಗೆ ಬೇಕಾದುದೆಲ್ಲ ನನಗೆ ಲೆಬನಾನಿನವರೇ ಒದಗಿಸುತ್ತಿದ್ದಾರೆ. ಇನ್ನೊಂದು ಸಂಗತಿ ನಿಮಗೆ ಹಿಡಿಸಬಹುದು: ಈ ರಾಜ್ಯದಲ್ಲಿ ಮಾರಾಟ ತೆರಿಗೆ 6 ಪ್ರತಿಶತ, ಆದರೆ ಮನೆಗೆ ಒಯ್ದು ಅಡುಗೆ ಮಾಡಿಕೊಳ್ಳುವ ದಿನಸಿಗೆ ಆ ತೆರಿಗೆಯಿಲ್ಲ, ಬಿಸಿ ಬಿಸಿಯಾಗಿ ಮಾಡಿಕೊಟ್ಟ ತಿನಿಸಿಗೆ ಮಾತ್ರ ಉಂಟು. ಹೀಗಾಗಿ ನಾನು ಲೆಕ್ಕ ನೋಡಿಕೊಂಡು ತಿನ್ನುತ್ತೇನೆ. ಒಟ್ಟಿನಲ್ಲಿ ವಾರಕ್ಕೆ 40 ಡಾಲರಿನೊಳಗೆ ನನ್ನ ಊಟ ತಿಂಡಿಯೆಲ್ಲ ಮುಗಿಯುತ್ತದೆ, ಗ್ರಂಥಾಲಯದ ಕೂಲಿ ಅದಕ್ಕೂ ಬಸ್ಸಿಗೂ ಸಾಕಾಗಿ ಸ್ವಲ್ಪ ಉಳಿಯುತ್ತದೆ.

ಇಷ್ಟು ಅಗ್ಗ ಹೇಗೆ, ಏನೋ ಹಳಸಿದ್ದನ್ನು ಮಾರುತ್ತಾರೆಯೇ ಎಂದು ಅಮ್ಮ ಕೇಳಿಯೇ ಕೇಳುತ್ತಾಳೆ. ಹಾಗಲ್ಲ ಅಮ್ಮ. ಬೇಕರಿ, ಡೆಲಿ, ದಿನಸಿ ಮೂರೂ ಒಂದೇ ಸೂರಿನಡಿ ಇರುವುದರಿಂದ ಒಂದು ಕಡೆ ಮಿಕ್ಕದ್ದು ಇನ್ನೊಂದು ಕಡೆ ಬಳಕೆಯಾಗುತ್ತದೆ. ನಿನ್ನೆಯ ರೊಟ್ಟಿಯನ್ನು ಹರಿದು, ಗರಿಗರಿಯಾಗಿ ಹುರಿದು, ಹಸಿ ತರಕಾರಿಯೊಂದಿಗೆ ಸುಮಾಕ್ ಉದುರಿಸಿ ಫತ್ತೂಶ್ ಎಂಬ ಕೋಸಂಬರಿ ಮಾಡುತ್ತಾರೆ. ರೊಟ್ಟಿಯನ್ನು ಎಸೆಯಬಾರದೆಂದೇ ಹುಟ್ಟಿದ ಅಡುಗೆ ಅದು. ತರಕಾರಿ ವಿಭಾಗದ ಪಾರ್ಸ್ಲಿಯೇ ಡೆಲಿಯಲ್ಲಿ ತಬ್ಬೂಲೆ ಎಂಬ ಸೊಪ್ಪಿನ ಕೋಸಂಬರಿ ಆಗುತ್ತದೆ, ದಿನಸಿಯ ಕಡಲೆಯೇ ಎಳ್ಳಿನ ಗಸಿಯೊಡನೆ ರುಬ್ಬಿ ಹುಮ್ಮುಸ್ ಎಂಬ ಚಟ್ನಿ ಆಗುತ್ತದೆ. ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಹೋದರೆ ಪಾಲಕ್ ತುಂಬಿದ ಫತಾಯರ್ ಎಂಬ ಮುಮ್ಮೂಲೆಯ ಕಡುಬುಗಳನ್ನು ಅರ್ಧ ಬೆಲೆಗೆ ಕೊಡುತ್ತಾರೆ. ನಾನು ಆ ಹೊತ್ತಿಗೆ ಹೋಗುವುದು ತರಗತಿ ತಡವಾಗಿ ಮುಗಿಯುವುದರಿಂದಲೇ ಹೊರತು ಅರ್ಧ ಬೆಲೆಗಾಗಿ ಅಲ್ಲ; ಇದನ್ನು ಚಿಕ್ಕಪ್ಪನಿಗೆ ಸ್ಪಷ್ಟವಾಗಿ ಹೇಳಿ.

ಅಜ್ಜಿಗೆ ಮಡಿ ಮೈಲಿಗೆಯ ಚಿಂತೆಯಿದೆಯೆಂದು ಬರೆದಿದ್ದೀರಿ. ಲೆಬನಾನಿನವರೆಲ್ಲ ಮೂರು ಹೊತ್ತೂ ಮಾಂಸ ತಿನ್ನುತ್ತಾರೆಂದು ಅಜ್ಜಿ ತಿಳಿದಿದ್ದರೆ ಅದು ಸರಿಯಲ್ಲ. ಆ ದೇಶದಲ್ಲಿ ಮುಸ್ಲಿಮರಂತೆ ಕ್ರೈಸ್ತರೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಈಸ್ಟರಿಗೆ ಮುಂಚಿನ ಉಪವಾಸದ ವಾರಗಳಲ್ಲಿ ಮಾಂಸ ಬಿಡುವ ಪದ್ಧತಿ ಅವರಲ್ಲಿರುವುದರಿಂದ ಎಣ್ಣೆಯಲ್ಲಿ ಬೇಯಿಸಿದ ಹುರುಳಿಕಾಯಿ, ಬದನೆಕಾಯಿ, ಬೇಳೆಕಾಳುಗಳ ಅಡುಗೆಗಳು ಅವರಲ್ಲಿ ಹೇರಳವಾಗಿವೆ. ಮುಜದ್ದರ ಎಂಬುದು ಇಡೀ ಮಸೂರನ್ನು ಅಕ್ಕಿಯೊಡನೆ ಬೇಯಿಸಿ ಮೇಲೆ ಕಪ್ಪಗೆ ಹುರಿದ ಈರುಳ್ಳಿ ಹಾಕಿದ ಅನ್ನ. ಒಂದು ಡಬ್ಬಿ ತಂದರೆ ನನಗೆ ಎರಡು ಹೊತ್ತಿಗಾಗುತ್ತದೆ. ಚೀಸಿನ ವಿಷಯದಲ್ಲಿ ಎಚ್ಚರವಾಗಿದ್ದೇನೆ: ಕೆಲವು ಚೀಸ್‌ಗಳಿಗೆ ಕರುವಿನ ಜಠರದಿಂದ ತೆಗೆದ ಹೆಪ್ಪು ಹಾಕುತ್ತಾರೆ, ಆದ್ದರಿಂದ ಸಸ್ಯಾಹಾರಿ ಹೆಪ್ಪು ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಮಾತ್ರ ತರುತ್ತೇನೆ, ಬಿಡಿಯಾಗಿ ತೂಗಿ ಕೊಡುವುದನ್ನು ಮುಟ್ಟುವುದಿಲ್ಲ. ಅಮ್ಮ, ಮುಂದಿನ ಸಾಲನ್ನು ಅಜ್ಜಿಗೆ ಓದಿ ಹೇಳಬೇಡ. ಬೇಕರಿಯಲ್ಲಿ ಇರುವುದು ಒಂದೇ ಒಲೆ, ಕುರಿಮಾಂಸದ ರೊಟ್ಟಿಯೂ ಜಾತರ್ ರೊಟ್ಟಿಯೂ ಅದರೊಳಗೇ ಬೇಯುತ್ತವೆ. ನನ್ನದನ್ನು ಬೇರೆ ಬದಿಗೆ ಇಡಿ ಎಂದು ಕೇಳಿದ್ದೇನೆ, ಅವರು ನಕ್ಕರೂ ಹಾಗೆಯೇ ಮಾಡುತ್ತಾರೆ. ಇನ್ನು ಮುಂದಿನದನ್ನು ಓದಬಹುದು.

ಅರಬ್ಬರ ಬೀದಿಯಲ್ಲಿ ಹುಡುಗಿ ಒಬ್ಬಳೇ ಓಡಾಡುವುದೇ ಎಂದು ಚಿಕ್ಕಪ್ಪ ಕೇಳಿದರಂತೆ. ಚಿಕ್ಕಪ್ಪನಿಗೆ ಇಲ್ಲಿಯ ಚರಿತ್ರೆಯನ್ನು ಸ್ವಲ್ಪ ಹೇಳಬೇಕು. ಫೋರ್ಡ್ ಕಾರಿನ ಹೆನ್ರಿ ಫೋರ್ಡ್ 1914ರಲ್ಲಿ ತನ್ನ ಕಾರ್ಖಾನೆಯಲ್ಲಿ ದಿನಕ್ಕೆ 5 ಡಾಲರು ಕೂಲಿಯೆಂದು ಸಾರಿದಾಗ ಆ ಸುದ್ದಿ ಮೆಡಿಟರೇನಿಯನ್ ಸಮುದ್ರದ ಆಚೆಗೂ ಹೋಯಿತು. ಆ ಕೂಲಿಯನ್ನು ನೆಚ್ಚಿ ಬಂದ ಲೆಬನಾನಿನವರು ಮೊದಲು ಆ ಕಾರ್ಖಾನೆಯಿದ್ದ ಹೈಲ್ಯಾಂಡ್ ಪಾರ್ಕ್ ಎಂಬ ಊರಿನಲ್ಲಿ ನೆಲೆಸಿ, ಡಿಯರ್‌ಬಾರ್ನ್‌ನಲ್ಲಿ ಫೋರ್ಡನದೇ ರೂಜ್ ಕಾರ್ಖಾನೆ ಬೆಳೆದಂತೆ ಅದರ ಬೆನ್ನಿಗೇ ಇಲ್ಲಿಗೆ ಬಂದರು. ಆಮೇಲೆ 1975ರಿಂದ 1990ರವರೆಗೆ ಅವರ ದೇಶದಲ್ಲಿ ಅಂತರ್ಯುದ್ಧ ನಡೆಯಿತು, ಇನ್ನೂ ಸಾವಿರಾರು ಜನ ಬಂದರು. 2020ರ ಜನಗಣತಿಯಂತೆ ಸುಮಾರು 1 ಲಕ್ಷ 10 ಸಾವಿರ ಜನರಿರುವ ಈ ಊರಿನಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಅರಬ್ ಮತ್ತು ಪಶ್ಚಿಮ ಏಷ್ಯಾ ಮೂಲದವರು. ಮೇಯರೂ ಲೆಬನಾನಿ ಮೂಲದವರೇ. ಸಂಜೆ ಈ ರಸ್ತೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡ ಸಂಸಾರಸ್ಥರೇ ತುಂಬಿರುತ್ತಾರೆ. ಆಗುಂಬೆ ಬಸ್ಸಿನಲ್ಲಿ ಒಬ್ಬಳೇ ಬರುವಾಗ ಆಗುತ್ತಿದ್ದ ಕಿರಿಕಿರಿ ಕೂಡ ನನಗೆ ಇಲ್ಲಿ ಆಗಿಲ್ಲ.

ಅಂಗಡಿಯ ರೀತಿನೀತಿಗಳಿಗೆ ನಾನು ಒಗ್ಗಿಕೊಳ್ಳಲು ಹೊತ್ತು ಹಿಡಿಯಿತು. ಡೆಲಿಯ ಮುಂದೆ ಒಂದು ಯಂತ್ರದಿಂದ ಸಂಖ್ಯೆಯ ಚೀಟಿ ಹರಿದುಕೊಂಡು ಕಾಯಬೇಕೆಂಬುದು ನಿಯಮ, ಆದರೆ ಚೀಟಿಯ ಕಡೆ ಯಾರೂ ನೋಡುವುದಿಲ್ಲ. ವಯಸ್ಸಾದ ಹೆಂಗಸರು ನೇರವಾಗಿ ಮುಂದೆ ಹೋಗಿ ಆಲಿವ್ ಕಾಯಿಯ ರುಚಿ ನೋಡಲು ಕೈ ಚಾಚುತ್ತಾರೆ. ಹತ್ತು ಬಗೆಯ ಆಲಿವ್ ಕಾಯಿಗಳಿವೆ, ಕೊಳ್ಳುವ ಮೊದಲು ಎಲ್ಲವನ್ನೂ ತಿಂದು ನೋಡುವ ಹಕ್ಕು ಗಿರಾಕಿಗೆ ಇದೆಯೆಂದೇ ಅವರ ಭಾವನೆ. ಟರ್ನಿಪ್ ಗಡ್ಡೆಯ ಉಪ್ಪಿನಕಾಯಿ ಎಂಬುದೊಂದಿದೆ, ಕೆಲವು ಹೋಳು ಬೀಟ್‌ರೂಟ್ ಹಾಕುವುದರಿಂದ ಇಡೀ ಜಾಡಿ ಮದುವೆ ಮನೆಯ ಶಾಮಿಯಾನದ ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ. ಖಾರವಿಲ್ಲದ ಅದನ್ನು ಉಪ್ಪಿನಕಾಯಿ ಎಂದು ಕರೆಯಲು ನನಗೆ ಮನಸ್ಸಿಲ್ಲ. ನೀನು ಕಳಿಸಿದ ಅಪ್ಪೆಮಿಡಿ ಇನ್ನೂ ಕಾಲು ಬಾಟಲಿ ಇದೆ ಅಮ್ಮ, ಹಬ್ಬಕ್ಕೆಂದು ಇಟ್ಟುಕೊಂಡಿದ್ದೇನೆ.

ಅಂಗಡಿಯ ಯಜಮಾನರು ಎಪ್ಪತ್ತು ದಾಟಿದವರು, ದಕ್ಷಿಣ ಲೆಬನಾನಿನ ಬಿಂತ್ ಜಬೈಲ್ ಕಡೆಯವರು. ನಿಮ್ಮ ಪತ್ರ ಬಂದ ದಿನ ಮೇಜಿನ ಬಳಿ ಕುಳಿತು ಅದನ್ನು ಓದುತ್ತಿದ್ದಾಗ, ಊರಿನಿಂದ ಕೆಟ್ಟ ಸುದ್ದಿಯೇ ಎಂದು ಕೇಳಿದರು. ಇಲ್ಲ, ತಂದೆಯವರು ತೋಟ ಮಾರುವ ಯೋಚನೆಯಲ್ಲಿದ್ದಾರೆ ಎಂದೆ. ಏನು ಬೆಳೆ ಎಂದರು. ಫೋನಿನಲ್ಲಿ ಅಡಿಕೆ ಮರದ ಚಿತ್ರ ತೋರಿಸಿದೆ. ಇದರಿಂದ ಎಣ್ಣೆ ತೆಗೆಯುತ್ತೀರಾ ಎಂದರು, ಇಲ್ಲ ಎಂದೆ. ಹಾಗಾದರೆ ತಿನ್ನುತ್ತೀರಾ ಎಂದರು, ಅಗಿದು ಉಗುಳುತ್ತೇವೆ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೂ ಚಿತ್ರವನ್ನೂ ನೋಡಿ, ಉಗುಳುವುದಕ್ಕೆ ಜನ ಹಣ ಕೊಡುತ್ತಾರೆಯೇ ಎಂದು ಕೇಳಿದರು. ಕ್ವಿಂಟಲಿಗೆ 50,000 ರೂಪಾಯಿ ದಾಟುವ ದರವನ್ನು ಡಾಲರಿಗೆ ಹಾಕಿ ಹೇಳಿದ ಮೇಲೆ ಅವರಿಗೆ ನಮ್ಮ ಬೆಳೆಯ ಬಗ್ಗೆ ಗೌರವ ಮೂಡಿತು. ಅವರ ಮನೆಯವರಿಗೂ ಆಲಿವ್ ತೋಟವಿದೆಯಂತೆ. ತಮ್ಮ ನೋಡಿಕೊಳ್ಳುತ್ತಿದ್ದನಂತೆ, ಮೊದಲು ಪ್ರತಿ ವರ್ಷ ಆ ಮರಗಳ ಎಣ್ಣೆ ತಗಡಿನ ಡಬ್ಬಿಗಳಲ್ಲಿ ಇಲ್ಲಿಗೆ ಬರುತ್ತಿತ್ತಂತೆ. ಇಸ್ರೇಲ್ ಜೊತೆಗಿನ 2024ರ ಯುದ್ಧದಲ್ಲಿ ಗಡಿಯ ಹಳ್ಳಿಗಳು ನೆಲಸಮವಾದ ಮೇಲೆ ಕಾಯಿ ಕೊಯ್ಯಲು ಯಾರೂ ಅತ್ತ ಹೋಗಿಲ್ಲ. ಬೆಲೆ ಸಿಕ್ಕಾಗ ಯಾಕೆ ಮಾರಲಿಲ್ಲ ಎಂದು ಅವರ ಮಕ್ಕಳು ಈಗಲೂ ಕೇಳುತ್ತಾರಂತೆ. ಅವರು ಉತ್ತರ ಕೊಡುವ ಗೋಜಿಗೆ ಹೋಗುವುದಿಲ್ಲ. ಅಷ್ಟು ಹೇಳಿ, ನನ್ನ ಕಡೆ ತಿರುಗಿ, ಯಾವ ಸಾಲಕ್ಕಾಗಿ ಮಾರುತ್ತಾರೆ ಎಂದು ಕೇಳಿದರು. ಸಾಲಕ್ಕಲ್ಲ, ನಾನು ಸರಿಯಾಗಿ ಉಣ್ಣಲಿ ಎಂದು ಎಂದಾಗ ಅವರಿಗೆ ಅದು ತಮ್ಮ ಅಂಗಡಿಗೆ ಆದ ಅವಮಾನವೆಂದೇ ಅನಿಸಿರಬೇಕು. ಒಳಗೆ ಕೂಗಿ ಹೇಳಿ ಒಂದು ತಟ್ಟೆ ಮುಜದ್ದರ, ಅದರ ಮೇಲೆ ಮತ್ತೊಂದು ರೊಟ್ಟಿ ತರಿಸಿ ನನ್ನ ಮುಂದಿಟ್ಟು, ಮುಗಿಯುವವರೆಗೆ ಎದುರಿಗೇ ಕುಳಿತರು. ಹಣ ತೆಗೆದುಕೊಳ್ಳಲಿಲ್ಲ. ನಾನು ಬೇಡವೆಂದರೂ ಬಿಡಲಿಲ್ಲ, ಆದ್ದರಿಂದ ಇದನ್ನು ದಾನವೆಂದು ತಿಳಿಯಬೇಡಿ.

ಅಪ್ಪ, ಈಗ ನಿಮ್ಮ ಲೆಕ್ಕಕ್ಕೆ ಬರುತ್ತೇನೆ. ಬ್ಯಾಂಕಿನ ಸಾಲದ ಕಂತು ನನ್ನ ಓದು ಮುಗಿದ ಮೇಲೆ ಶುರುವಾಗುವುದು. ಅದಕ್ಕೆ ಈಗಲೇ ತೋಟ ಕೊಡಬೇಕಾಗಿಲ್ಲ. ಕೋಣೆಯ ಬಾಡಿಗೆಯನ್ನು ಮೂವರು ಹಂಚಿಕೊಳ್ಳುತ್ತೇವೆ. ಬೇಸಿಗೆಗೆ ಇಂಟರ್ನ್‌ಶಿಪ್ಪಿಗೆ ಅರ್ಜಿ ಹಾಕಿದ್ದೇನೆ, ಎರಡು ಕಡೆಯಿಂದ ಸಂದರ್ಶನಕ್ಕೆ ಕರೆ ಬಂದಿದೆ. ಕೆಳಗಿನ ತೋಟದಲ್ಲಿ ಫಸಲು ಕಡಿಮೆಯಾಗಿರುವುದು ನಿಜ, ಆದರೆ ಎಲೆಚುಕ್ಕೆ ಬಂದಿರುವುದು ನಮ್ಮ ತೋಟಕ್ಕೆ ಮಾತ್ರವಲ್ಲ. ರೋಗ ಹತ್ತಿದ ಸೋಗೆಯನ್ನು ಕತ್ತರಿಸಿ ಸುಟ್ಟು ಮಳೆಗಾಲಕ್ಕೆ ಮುಂಚೆ ಔಷಧಿ ಹೊಡೆಸಿದರೆ ಹತೋಟಿಗೆ ಬರುತ್ತದೆಂದು ನೀವೇ ಹೋದ ವರ್ಷ ಪಕ್ಕದ ಮನೆಯವರಿಗೆ ಹೇಳಿದ್ದಿರಿ. ಒಮ್ಮೆ ಕಡಿದು ಮನೆ ಕಟ್ಟಿದರೆ ಆಮೇಲೆ ಸಸಿ ನೆಟ್ಟು ಫಸಲು ನೋಡಲು ಏಳೆಂಟು ವರ್ಷ ಬೇಕು, ಅದೂ ನೆಲ ನಮ್ಮದಾಗಿದ್ದರೆ. ಹೊಳೆಯ ನೀರು ಸಲೀಸಾಗಿ ಸಿಗುವ ತುಂಡು ಅದೊಂದೇ. ಅದನ್ನು ಕೊಟ್ಟರೆ ಮೇಲಿನ ತೋಟಕ್ಕೆ ಬೇಸಿಗೆಯಲ್ಲಿ ನೀರು ಎಲ್ಲಿಂದ ತರುತ್ತೀರಿ? ಗಿರಾಕಿಗೆ ಮಗಳು ಒಪ್ಪಲಿಲ್ಲ ಎಂದೇ ಹೇಳಿಬಿಡಿ, ನನಗೆ ಕೆಟ್ಟ ಹೆಸರು ಬಂದರೆ ಬರಲಿ. ಹಣ ಕಳಿಸಲೇಬೇಕೆಂದಿದ್ದರೆ ಆ ಹಣದಲ್ಲಿ ಔಷಧಿ ಹೊಡೆಸಿ.

ನಾನು ಚೆನ್ನಾಗಿದ್ದೇನೆ, ನಿಜವಾಗಿಯೂ ಚೆನ್ನಾಗಿದ್ದೇನೆ. ಕೆಮ್ಮು ಹೋಗಿದೆ, ನಿದ್ದೆ ಬರುತ್ತದೆ, ಬರುವಾಗ ಹೊಲಿಸಿಕೊಂಡು ತಂದ ಚೂಡಿದಾರಗಳು ತೋಳಿನಲ್ಲಿ ಬಿಗಿಯಾಗುತ್ತಿವೆ. ಮುಂದಿನ ವಿಡಿಯೊ ಕರೆಯನ್ನು ಹಗಲಿನಲ್ಲೇ, ಅಂಗಡಿಯ ಮೇಜಿನ ಬಳಿ ಕುಳಿತು, ತಟ್ಟೆಯನ್ನು ಮುಂದಿಟ್ಟುಕೊಂಡೇ ಮಾಡುತ್ತೇನೆ; ಚಿಕ್ಕಪ್ಪನೂ ಇರಲಿ.

ಬಸ್ಸಿಗೆ ಹೊತ್ತಾಯಿತು, ಇದು ತಪ್ಪಿದರೆ ಮುಂದಿನದು ಇನ್ನೊಂದು ಗಂಟೆಗೆ. ಅಜ್ಜಿಯ ಕಣ್ಣಿನ ಔಷಧಿ ತಪ್ಪಿಸಬೇಡಿ. ಪುಟ್ಟನ ಪರೀಕ್ಷೆಯ ಫಲಿತಾಂಶ ತಿಳಿಸಿ. ಮುಂಗಡ ತೆಗೆದುಕೊಂಡಿಲ್ಲ ಎಂದು ಒಂದು ಸಾಲು ಇವತ್ತೇ ಪುಟ್ಟನ ಕೈಯಲ್ಲಿ ಹಾಕಿಸಿ. ಉಳಿದದ್ದು ಮುಂದಿನ ಪತ್ರದಲ್ಲಿ.

ನಿಮ್ಮ ಮಗಳು,
ಸುಮಾ